ರೆಬೆಲ್ಲೊ ಹೋಟೆಲಿನ ದುರ್ಬೀನು

ನಾನು ಒಂದು ದುರ್ಬೀನು. ಒಂದರೊಳಗೊಂದು ಜಾರುವ ಮೂರು ಹಿತ್ತಾಳೆ ಕೊಳವೆ, ಎರಡು ತುದಿಗೂ ಗಾಜು, ಮೈಮೇಲೆ ಕರಿಯ ಚರ್ಮದ ಅಂಗಿ. ಹುಟ್ಟಿದ್ದು ಲಂಡನ್ನಿನ ಒಂದು ಇಕ್ಕಟ್ಟಾದ ಕಾರ್ಖಾನೆಯಲ್ಲಿ. ನನ್ನನ್ನು ಮಾಡಿದವನು ಕಿಟಕಿಯಿಂದಾಚೆ ಹಿಡಿದು, ಎದುರು ಮನೆಯ ಹೊಗೆಗೂಡಿನ ಮೇಲೆ ಕೂತ ಪಾರಿವಾಳದ ಕಾಲುಗುರನ್ನು ನೋಡಿ ‘ಹೂಂ’ ಎಂದ. ನನ್ನ ನಾಮಕರಣ ಅಷ್ಟರಲ್ಲೇ ಮುಗಿಯಿತು.

ನನ್ನದು ಅನುಮಾನದ ಸ್ವಭಾವ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನನ್ನು ಕೈಗೆತ್ತಿಕೊಳ್ಳುವವರೆಲ್ಲ ಏನನ್ನೋ ನಂಬಲಾರದವರೇ. ನಂಬುವವರು ಬರಿಗಣ್ಣಲ್ಲಿ ನೋಡಿ ಸುಮ್ಮನಾಗುತ್ತಾರೆ. ಅಂಥವರ ಕೈಯಲ್ಲೇ ಬೆಳೆದ ಮೇಲೆ ನಾನು ಬೇರೆ ಹೇಗಿರಲಿ? ನನ್ನ ಒಡೆಯರ ಮುಖವನ್ನು ನಾನು ಪೂರ್ತಿಯಾಗಿ ಕಂಡದ್ದೂ ಕಡಿಮೆ. ನನಗೆ ಗೊತ್ತಿರುವುದು ಅವರ ಒಂದೊಂದು ಕಣ್ಣು.

ಮೊದಲನೆಯದು ಒಬ್ಬ ಕಪ್ತಾನನ ನೀಲಿ ಕಣ್ಣು. ಹದಿನಾಲ್ಕು ವರ್ಷ ಅವನೊಡನೆ ಸಮುದ್ರ ಸುತ್ತಿದೆ. ಮಂಗಳೂರಿನಲ್ಲಿ ಅವನಿಗೆ ಜ್ವರ ಹಿಡಿಯಿತು. ಹಡಗು ಅವನನ್ನು ಇಳಿಸಿ ಹೊರಟುಹೋಯಿತು. ಗುಡ್ಡೆಯ ಮೇಲಿನ ರೆಬೆಲ್ಲೊ ಹೋಟೆಲಿನಲ್ಲಿ ನಲ್ವತ್ತು ದಿನ ಮಲಗಿದ. ಯಜಮಾನ ಇನಾಸ್ ರೆಬೆಲ್ಲೊ ತಾನೇ ಕೂತು ಗಂಜಿ ಕುಡಿಸುತ್ತಿದ್ದ. ಮೊದಲ ವಾರ ಕಪ್ತಾನ ಗಂಜಿಯಲ್ಲಿ ವಿಷವಿದೆಯೋ ಎಂದು ರೆಬೆಲ್ಲೊನಿಗೇ ಒಂದು ಗುಟುಕು ಕುಡಿಸಿ, ಅವನು ಸಾಯುತ್ತಾನೇನೋ ಎಂದು ಕಾಯುತ್ತಿದ್ದ. ಕೊನೆಗೆ ಗುಣವಾಗಿ ಹೊರಟಾಗ ನನ್ನನ್ನು ರೆಬೆಲ್ಲೊನ ಕೈಗಿಟ್ಟು ಹೋದ.

ಊರಿಗೆ ಆಗಿನ್ನೂ ರೈಲು ಬಂದಿರಲಿಲ್ಲ. ಬೊಂಬಾಯಿಗೆ ಹೋಗುವವರು ಹಡಗನ್ನೇ ಕಾಯಬೇಕು. ಅದೋ ಹೊಳೆಯ ಬಾಯಿಯೊಳಗೆ ಬರಲಾರದೆ ದೂರದಲ್ಲೇ ಲಂಗರು ಹಾಕುತ್ತಿತ್ತು. ಜನ ಬಂದರಿನಿಂದ ದೋಣಿಯಲ್ಲಿ ಹೋಗಿ ಹತ್ತಬೇಕು. ಬೇರೆ ಕಡೆ ಉಳಿದವರು ಬಿಸಿಲಲ್ಲಿ ಪೆಟ್ಟಿಗೆಯ ಮೇಲೆ ಕೂತು ಕಾಯುತ್ತಿದ್ದರು. ರೆಬೆಲ್ಲೊನ ಅತಿಥಿಗಳು ಕೋಳಿ ಸಾರು ಉಂಡು ಆರಾಮಕುರ್ಚಿಯಲ್ಲಿ ಕಾಲು ಚಾಚಿರುತ್ತಿದ್ದರು. ಅವನು ಮಾಳಿಗೆಯ ಜಗಲಿಯಲ್ಲಿ ನನ್ನನ್ನು ಕಣ್ಣಿಗೇರಿಸಿ “ಬಂತು!” ಎಂದ ಮೇಲೆ ಎದ್ದರೆ ಸಾಕು. ಆ ಹೋಟೆಲು ನಿಂತದ್ದೇ ಅವನ ಆ ಒಂದು ಮಾತಿನ ಮೇಲೆ.

ವರ್ಷಗಳು ಕಳೆದವು. ನಾನು ತೋರಿಸುವುದು ಒಂದು, ಅವನು ಹೇಳುವುದು ಇನ್ನೊಂದು ಆಗತೊಡಗಿತು. ನನ್ನ ಗಾಜಿನಲ್ಲಿ ಹಡಗು ಹೊಗೆಯುಗುಳುತ್ತ ನಿಂತಿರುತ್ತಿತ್ತು. ಅವನು “ಇಲ್ಲ, ಇನ್ನೂ ಇಲ್ಲ” ಎನ್ನುತ್ತಿದ್ದ. ಕೆಳಗೆ ದೋಣಿಯವರ ಗದ್ದಲ ಕೇಳಿದ ಮೇಲೆ “ಬಂತು!” ಅನ್ನುವುದು. ಒಂದೊಂದು ಸಲ ಗಾಳಿಯನ್ನು ಮೂಸಿ ಅನ್ನುವುದು. ನನ್ನ ಕೊಳವೆಯನ್ನು ಎಳೆಯುತ್ತಾನೆ, ತಳ್ಳುತ್ತಾನೆ, ಮತ್ತೆ ಎಳೆಯುತ್ತಾನೆ. ಯಾವ ಅಳತೆಗೂ ಸಮಾಧಾನವಿಲ್ಲ. ನಾಟಕ ಎಂದುಕೊಂಡೆ. ಇನ್ನೊಂದು ದಿನ ಇವರನ್ನು ಉಳಿಸಿಕೊಳ್ಳುವ ಹೂಟ. ನನ್ನನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅದೂ ಒಂದು ಸಾಕ್ಷಿ. ಕಳ್ಳ ಎಂದು ತೀರ್ಮಾನಿಸಿದೆ.

ಹಾಗೆ ತೀರ್ಮಾನಿಸಿದ ಇನ್ನೊಬ್ಬರೆಂದರೆ ಎಲೀಶ ಕರ್ಕಡ. ಮಲ್ಪೆಯ ಕಡೆಯವರು, ಹೆಂಚಿನ ಕಾರ್ಖಾನೆಯ ಮೇಸ್ತ್ರಿ. ಹೆಂಚನ್ನು ಬೆರಳಗಂಟಿನಿಂದ ತಟ್ಟಿ ಬಿರುಕು ಹುಡುಕುವ ಕೆಲಸ ಮಾಡಿ ಮಾಡಿ, ಕಂಡದ್ದನ್ನೆಲ್ಲ ತಟ್ಟುವ ಅಭ್ಯಾಸ. ತಂಗಿಯ ಮಗಳು ಸಲೋಮಿಯನ್ನು ಹಡಗು ಹತ್ತಿಸಲು ಮೇ ಕೊನೆಯಲ್ಲಿ ಬಂದರು. ಅದೇ ಹಡಗಿನಲ್ಲಿ ಬರಲಿದ್ದ ಪರಿಚಯದ ಒಂದು ಕುಟುಂಬ ಅವಳನ್ನು ಬೊಂಬಾಯಿಯ ನರ್ಸುಗಳ ಶಾಲೆಗೆ ಮುಟ್ಟಿಸುವುದೆಂದು ಮಾತಾಗಿತ್ತು. ಅದು ಮಳೆಗಾಲಕ್ಕೆ ಮೊದಲಿನ ಕೊನೆಯ ಹಡಗು.

ಬಂದ ದಿನವೇ ಮೇಸ್ತ್ರಿ ಊಟದ ತಟ್ಟೆಯನ್ನು ತಟ್ಟಿದರು. “ಎಂತದು ಮಾರಾಯ್ರೆ, ಇದು ಒಡಕು ಸ್ವರ ಬರ್ತದಲ್ಲ?”

“ತಟ್ಟೆ ಇಟ್ಟದ್ದು ಉಣ್ಲಿಕ್ಕೆ ಮೇಸ್ತ್ರಿಗಳೇ, ಬಾರಿಸ್ಲಿಕ್ಕೆ ಅಲ್ಲ,” ಎಂದ ರೆಬೆಲ್ಲೊ.

ಮೂರನೆಯ ಬೆಳಿಗ್ಗೆ ಸಮುದ್ರ ಭೋರ್ಗರೆಯುತ್ತಿತ್ತು. ಹಡಗಿನ ಸೀಟಿ ಕೇಳುವಂತಿರಲಿಲ್ಲ. ರೆಬೆಲ್ಲೊ ನನ್ನನ್ನು ಕಣ್ಣಿಗಿಟ್ಟ. ಹಡಗು ಮಾಮೂಲಿಗಿಂತ ದೂರದಲ್ಲಿ, ಆದರೆ ನನ್ನ ಗಾಜಿನ ನಟ್ಟನಡುವೆ ಇತ್ತು.

“ಇಲ್ಲ,” ಎಂದ.

“ನಿನ್ನೆಯೂ ಇಲ್ಲ, ಇವತ್ತೂ ಇಲ್ಲ,” ಮೇಸ್ತ್ರಿ ಸಿಡಿದರು. “ನಿಮ್ಮ ಕೋಳಿಗಳು ಮುಗಿಯುವವರೆಗೆ ಹಡಗು ಬರುದಿಲ್ಲವಾ? ಇರಿ, ನಾನೇ ಬಂದರಿಗೆ ಹೋಗಿ ವಿಚಾರಿಸ್ತೇನೆ.” ಕೊಡೆ ಹುಡುಕಲು ಒಳಗೆ ಹೋದರು.

ಸಲೋಮಿ ಜಗಲಿಯ ಮೂಲೆಯಲ್ಲಿದ್ದಳು. ಮಾತಿನ ಹುಡುಗಿಯಲ್ಲ, ಎರಡು ದಿನ ಸುಮ್ಮನೆ ನೋಡಿಕೊಂಡಿದ್ದಳು. ರೆಬೆಲ್ಲೊ ಚಹಾ ಬಗ್ಗಿಸುವಾಗ ಬಟ್ಟಲಿನ ಅಂಚಿಗೆ ಬೆರಳಿಟ್ಟುಕೊಳ್ಳುವುದನ್ನೂ ನೋಡಿದ್ದಳು.

“ರೆಬೆಲ್ಲೊ ಮಾಮಾ, ಆ ಎದುರಿನ ದೋಣಿಯ ಪಟ ಯಾವ ಬಣ್ಣ?”

“ಬಿಳಿಯೇ ಅಲ್ವಾ ಬಾಯೀ, ಬೇರೆ ಎಂತ ಇರ್ತದೆ?”

ಎದುರಿಗೆ ದೋಣಿಯೇ ಇರಲಿಲ್ಲ.

ಅವಳು ನನ್ನನ್ನು ಮೆಲ್ಲಗೆ ಅವನ ಕೈಯಿಂದ ಬಿಡಿಸಿಕೊಂಡಳು. ಎಷ್ಟೋ ವರ್ಷಗಳ ಮೇಲೆ ಒಂದು ತಿಳಿಯಾದ ಕಣ್ಣು ನನ್ನ ಹತ್ತಿರ ಬಂತು. ಒಂದೇ ಎಳೆತಕ್ಕೆ ಅಳತೆ ಸಿಕ್ಕಿತು. “ಉಂಟು,” ಎಂದಳು. ಆಮೇಲೆ ನನ್ನನ್ನು ಇಳಿಸಿ ಅವನ ಮುಖವನ್ನೇ ನೋಡಿದಳು. “ಎರಡು ಕಣ್ಣಿಗೂ ಪೊರೆ ಬಂದಿದೆ. ಯಾವಾಗಿಂದ?”

ರೆಬೆಲ್ಲೊ ಒಳಬಾಗಿಲ ಕಡೆ ಕಿವಿಗೊಟ್ಟ. “ಸಣ್ಣಕೆ ಮಾತಾಡು. ಕಣ್ಣು ಕಾಣದ ರೆಬೆಲ್ಲೊನ ಹೋಟೆಲಿಗೆ ಯಾರು ಬರ್ತಾರೆ? ಕಳ್ಳ ಅಂತ ಬೇಕಾದ್ರೆ ಹೇಳಲಿ. ಕಳ್ಳನ ಹೋಟೆಲಿಗೆ ಬೈದುಕೊಂಡಾದರೂ ಬರ್ತಾರೆ.”

“ಪೊರೆ ತೆಗೀಲಿಕ್ಕೆ ಆಗ್ತದಂತೆ. ಅಲ್ಲಿ ಡಾಕ್ಟರರನ್ನು ಕೇಳಿ ಬರೀತೇನೆ. ಯಾರಿಗೂ ಹೇಳುದಿಲ್ಲ.”

ಒಳಗಿನಿಂದ ಹೆಜ್ಜೆ ಸದ್ದು. ಅವಳು ನನ್ನನ್ನು ಅವನ ಕೈಗೆ ತುರುಕಿ, ಮೊಣಕೈಯಿಂದ ತಿವಿದಳು.

“ಬಂತು!” ಎಂದ ರೆಬೆಲ್ಲೊ.

“ಈಗ ಬಂತಾ? ನಾನು ಕೊಡೆ ಹಿಡಿದ ಕೂಡ್ಲೇ ಬಂತಾ?” ಮೇಸ್ತ್ರಿ ಬೈಯುತ್ತಲೇ ಪೆಟ್ಟಿಗೆ ಎತ್ತಿದರು. ಕೊನೆಯ ದೋಣಿ ಸಿಕ್ಕಿತು. ಸಲೋಮಿ ಹಗ್ಗದ ಏಣಿ ಹತ್ತುವವರೆಗೂ ರೆಬೆಲ್ಲೊ ನನ್ನನ್ನು ಹಡಗಿನ ಕಡೆಗೇ ಹಿಡಿದಿದ್ದ. ನಾನು ತೋರಿಸಿದೆ. ಅವನಿಗೆ ಕಾಣಲಿಲ್ಲ. ಆವತ್ತು ನನಗೆ ನನ್ನ ಬಗ್ಗೆಯೇ ನಾಚಿಕೆಯಾಯಿತು.

ಮಳೆಗಾಲದ ನಡುವೆ ಅಂಚೆಯಲ್ಲಿ ಬೊಂಬಾಯಿಯಿಂದ ಕಾಗದ ಬಂತು. ರೆಬೆಲ್ಲೊ ಅದನ್ನು ಕೋಣೆಗೆ ಒಯ್ದು ಬಾಗಿಲು ಹಾಕಿಕೊಂಡ. ಒಡೆದು, ಹಾಳೆಗಳನ್ನು ಬೆಳಕಿಗೆ ಹಿಡಿದ. ಮೂಗಿಗೆ ತಾಗುವಷ್ಟು ಹತ್ತಿರ ತಂದ. ಕೊನೆಗೆ ನನ್ನನ್ನು ಎತ್ತಿಕೊಂಡು ಕಾಗದದ ಮೇಲೆ ಹಿಡಿದ. ಅಯ್ಯೋ, ಹತ್ತಿರದ್ದು ನನಗೇನು ಕಾಣುತ್ತದೆ? ಮಂಜು, ಬರೀ ಮಂಜು. ಒಂದು ಗಳಿಗೆ ನಾವಿಬ್ಬರೂ ಒಂದೇ ಕಾಗದದ ಮುಂದೆ ಕುರುಡರಾಗಿ ಕೂತಿದ್ದೆವು.

ಓದಿಸಿಕೊಳ್ಳಲು ಜನ ಇಲ್ಲದ್ದಲ್ಲ. ಅಡುಗೆಯವನಿಗೆ ಕೊಟ್ಟರೆ ಸಂಜೆಯೊಳಗೆ ಮೀನುಪೇಟೆಗೆ ತಲುಪುತ್ತದೆ. ಪಾದ್ರಿಗೆ ಕೊಟ್ಟರೆ ಅವರು ಕನಿಕರದಿಂದ ನಾಲ್ಕು ಜನರಿಗೆ ಹೇಳುತ್ತಾರೆ. ಅತಿಥಿಗಳಂತೂ ಬೇಡ. ಇದನ್ನೆಲ್ಲ ಅವನು ಗೊಣಗಿಕೊಳ್ಳುತ್ತಿದ್ದ, ಎಲ್ಲ ಕೇಳಿಸಿತು. ಅಷ್ಟು ವರ್ಷ ನಾನು ಅವನನ್ನು ನಂಬಿರಲಿಲ್ಲ. ಅವನು ಊರಲ್ಲಿ ಒಬ್ಬರನ್ನೂ ನಂಬಲಿಲ್ಲ.

ಅಕ್ಟೋಬರಿನಲ್ಲಿ ಮೇಸ್ತ್ರಿ ಮತ್ತೆ ಬಂದರು. ಕೂರುವ ಮೊದಲು ಕುರ್ಚಿಯನ್ನು ತಟ್ಟಿದರು.

“ನಮ್ಮ ಸಲೋಮಿ ನಿಮಗೆ ಬರೆದಿದ್ದಾಳಂತೆ. ಉತ್ತರ ಯಾಕೆ ಇಲ್ಲ ಅಂತ ನನ್ನನ್ನು ಕೇಳ್ತಾಳೆ. ಎಂತ ಬರೆದದ್ದು?”

“ಕೋಳಿ ಸಾರು ನೆನಪಾಗ್ತದೆ ಅಂತ.”

“ಸಾರಿನ ಬಗ್ಗೆ ಉತ್ತರಕ್ಕೆ ಕಾಯ್ತಾಳಾ? ಎಲ್ಲಿ, ತೋರಿಸಿ ನೋಡುವ.”

ರೆಬೆಲ್ಲೊನ ಕೈ ಅಂಗಿಯ ಜೇಬಿನ ಮೇಲೆ ಹೋಯಿತು. ಕೊಡುತ್ತಾನೆ ಎಂದುಕೊಂಡೆ. ಕೊಡು ಮಾರಾಯ, ಇವರಾದರೂ ಓದಲಿ ಎಂದು ಹಾರೈಸಿದೆ. ಅವನು ಜೇಬಿನ ಗುಂಡಿ ಹಾಕಿಕೊಂಡ. “ಎಲ್ಲೋ ಬಿದ್ದುಹೋಯ್ತು. ಬರೀತೇನೆ ಅಂತ ಹೇಳಿ.”

ಮೇಸ್ತ್ರಿ ಕೊಡೆ ಎತ್ತಿಕೊಂಡು ಹೊರಟರು. ಮತ್ತೆ ಆ ಹೋಟೆಲಿಗೆ ಬರಲಿಲ್ಲ. ಬೊಂಬಾಯಿಯಿಂದ ಇನ್ನೊಂದು ಕಾಗದವೂ ಬರಲಿಲ್ಲ.

ಎರಡು ವರ್ಷದಲ್ಲಿ ರೈಲು ಬಂತು. ಅದನ್ನು ಕಾಣಲು ದುರ್ಬೀನು ಬೇಡ. ಅತಿಥಿಗಳು ಸ್ಟೇಷನ್ನಿನ ಹತ್ತಿರದ ಹೋಟೆಲುಗಳಿಗೆ ಸರಿದರು. ರೆಬೆಲ್ಲೊ ಮಾತ್ರ ದಿನಾ ಜಗಲಿಗೆ ಬಂದು ನನ್ನನ್ನು ಕಣ್ಣಿಗೇರಿಸುತ್ತಿದ್ದ, ಕೇಳುವವರು ಯಾರೂ ಇಲ್ಲದಿದ್ದರೂ “ಇಲ್ಲ, ಇನ್ನೂ ಇಲ್ಲ” ಎನ್ನುತ್ತಿದ್ದ. ಒಂದು ದಿನ ನನ್ನನ್ನು ಮೇಜಿನ ಖಾನೆಯಲ್ಲಿಟ್ಟ. ಜೇಬಿನಿಂದ ಕಾಗದವನ್ನು ತೆಗೆದು ನನ್ನ ಮಗ್ಗುಲಿಗಿಟ್ಟ. ಮತ್ತೆ ಖಾನೆ ತೆರೆಯಲಿಲ್ಲ.

ಆ ಮೇಜು ಈಗ ಬಂದರಿನ ಹಳೇ ಸಾಮಾನಿನ ಅಂಗಡಿಯಲ್ಲಿ, ನಾಲ್ಕು ಮಂಚಗಳ ಹಿಂದೆ ಇದೆ. ಉಪ್ಪುಗಾಳಿಗೆ ಮರ ಉಬ್ಬಿ ಖಾನೆ ಬಿಗಿದುಕೊಂಡಿದೆ. ಗಿರಾಕಿಗಳು ಎಳೆದು ನೋಡಿ ಬಿಟ್ಟುಬಿಡುತ್ತಾರೆ. ಕತ್ತಲೆಯಲ್ಲಿ ನನಗೆ ಬೇರೆ ಕೆಲಸವಿಲ್ಲ, ಕೂತು ಅನುಮಾನಿಸುತ್ತೇನೆ. ಕಪ್ತಾನ ನಿಜವಾಗಿ ಊರು ಮುಟ್ಟಿದನೇ? ಸಲೋಮಿ ನಮ್ಮ ಮೇಲೆ ಸಿಟ್ಟಾದಳೇ?

ಕಾಗದ ನನ್ನ ಮೈಗೆ ತಾಗಿಕೊಂಡೇ ಇದೆ. ಅದರ ಒಂದಕ್ಷರವನ್ನೂ ನಾನು ಓದಿಲ್ಲ, ಅವನೂ ಓದಲಿಲ್ಲ. ಆದರೂ ಡಾಕ್ಟರರನ್ನು ಕೇಳಿ ಸಲೋಮಿ ಏನು ಬರೆದಿದ್ದಾಳೆ ಎಂಬುದರಲ್ಲಿ ಮಾತ್ರ ನನಗೆ ಯಾವ ಅನುಮಾನವೂ ಇಲ್ಲ.