ಉಪ್ಪಿಲ್ಲದ ನೀರು

ನನ್ನ ಕೂಸು ಹೋದದ್ದು ಅರವತ್ತಮೂರರ ಏಪ್ರಿಲ್ ಮೊದಲ ವಾರದಲ್ಲಿ. ಐದು ದಿನದ ಹುಡುಗಿ. ಹೆಸರಿಡಲು ಇನ್ನೂ ಎರಡು ದಿನವಿತ್ತು. ಉಸಿರಾಡುವಾಗ ಅವಳ ಎದೆಯೊಳಗೆ ಸಣ್ಣ ಸಪ್ಪಳವಾಗುತ್ತಿತ್ತು, ಹುರಿಗಡಲೆಯ ಸಿಪ್ಪೆಯನ್ನು ಬೆರಳಲ್ಲಿ ಹಿಸುಕಿದ ಹಾಗೆ. ಅದು ನಿಂತಾಗ ನನಗೆ ನಿದ್ದೆ ಹತ್ತಿತ್ತು.

ನನ್ನ ಗಂಡನ ಮನೆತನದಲ್ಲೊಂದು ಪದ್ಧತಿ. ಹಾಲು ಕುಡಿಯುವ ಕೂಸು ಹೋದರೆ ನಲವತ್ತು ದಿನ ಬಾಯಿಗೆ ಹೋಗುವ ಯಾವುದಕ್ಕೂ ಉಪ್ಪಿಲ್ಲ. ನನ್ನತ್ತೆ ರಮಜಾನಬಿ ಉಪ್ಪಿನ ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿಟ್ಟರು. ನನ್ನ ಗಂಡ ನಬಿಲಾಲರದು ಇಂಡಿ ಪೇಟೆಯಲ್ಲಿ ಸೋಡಾ ಕಾರಖಾನೆ. ಮುಂದಿನ ಕೋಣೆಯಲ್ಲಿ ಕಾರಖಾನೆ, ಹಿಂದೆ ನಾವು. ನಮ್ಮಲ್ಲಿ ಹೆಚ್ಚು ಹೋಗುತ್ತಿದ್ದುದು ಉಪ್ಪು ಹಾಕಿದ ನಿಂಬೆ ಸೋಡಾ. ಬೆಳಿಗ್ಗೆ ದೊಡ್ಡ ಮಣ್ಣಿನ ಹರವಿಯ ನೀರಿಗೇ ಉಪ್ಪು ಕಲಸಿಬಿಡುತ್ತಿದ್ದೆವು. ಅದೂ ನಿಂತಿತು. ಬರಿ ಸಪ್ಪೆ ಸೋಡಾ ಶುರುವಾಯಿತು.

ಸೋಡಾ ತಯಾರಾಗುತ್ತಿದ್ದುದು ದಪ್ಪ ಕಬ್ಬಿಣದ ಹಂಡೆಯಲ್ಲಿ. ಒಂದು ಕಡೆಯಿಂದ ಗ್ಯಾಸು, ಇನ್ನೊಂದು ಕಡೆಯಿಂದ ಕೈಪಂಪಿನಲ್ಲಿ ಹರವಿಯ ನೀರು. ಕೆಳಗೆ ಬಾಟಲಿ ತುಂಬುವ ನಳ, ಮೇಲೆ ಹೆಚ್ಚಾದ ಗ್ಯಾಸು ಬಿಡುವ ತಿರುಪು, ನಡುವೆ ಒಳಗಿನದು ಕಾಣಲು ಅಂಗೈಯಗಲದ ಗಾಜು. ಬೇಸಿಗೆಯಲ್ಲಿ ಸೊಲ್ಲಾಪುರದಿಂದ ರೈಲಿನಲ್ಲಿ ಬರ್ಫದ ಗಡ್ಡೆ ತರಿಸಿ ಹಂಡೆಯ ಸುತ್ತ ಕಟ್ಟಿಗೆಯ ತೊಟ್ಟಿಯಲ್ಲಿ ತುಂಬುತ್ತಿದ್ದೆವು.

ಉಪ್ಪು ಬಿಟ್ಟ ಮೂರನೆಯ ದಿನ ಗಾಜಿನೊಳಗೆ ಬಿಳಿ ವಸ್ತು ಕಂಡಿತು. ಬರ್ಫ ಇದ್ದೀತು ಅಂದರು ಇವರು. ಆದರೆ ತೊಟ್ಟಿಯ ಬರ್ಫವೇ ಕರಗುತ್ತಿತ್ತು, ಒಳಗಿನ ನೀರು ಹೆಪ್ಪುಗಟ್ಟುವಷ್ಟು ಚಳಿಯೆಲ್ಲಿಂದ ಬರಬೇಕು? ಅದು ಹಸಿ ಅರಳೆಯ ಹಾಗೆ ಗಾಜಿಗೆ ಆತುಕೊಂಡಿತ್ತು. ಮಧ್ಯಾಹ್ನ ಇವರು ನಮಾಜಿಗೆ ಹೋದಾಗ ನಾನು ಕಬ್ಬಿಣಕ್ಕೆ ಕಿವಿ ಹಚ್ಚಿದೆ.

ಒಳಗೆ ಅದೇ ಸಪ್ಪಳ.

ದಿನಾ ಹೋಗಿ ಕೂಡತೊಡಗಿದೆ. ಒಂದು ಸಂಜೆ ಇವರು ಗ್ಯಾಸು ಬಿಟ್ಟು, ಮುಚ್ಚಳ ತೆಗೆದು, ಅದನ್ನು ಬಟ್ಟಲಲ್ಲಿ ತೋಡಿ ಹೊರಗಿಟ್ಟರು. ನಾನು ಬಟ್ಟಲನ್ನು ಗೋಡೆಯ ಗೂಡಿನಲ್ಲಿ ದೀಪದ ಪಕ್ಕಕ್ಕಿಟ್ಟೆ. ಅದು ಚಟಚಟ ಅನ್ನುತ್ತ ಕರಗಿತು. ಗಾಳಿಯಿರಲಿಲ್ಲ. ದೀಪ ಸಣ್ಣದಾಗಿ, ನೀಲಿಯಾಗಿ, ಹೋಯಿತು. ಅತ್ತೆ ಬಾಗಿಲಲ್ಲಿ ನಿಂತು ನೋಡಿದವರು ಮರುದಿನದಿಂದ ಕಾರಖಾನೆಯಲ್ಲಿ ಕೆಂಡದ ಮೇಲೆ ಲೋಬಾನದ ಹೊಗೆ ಹಾಕತೊಡಗಿದರು.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಬಸಂತರಾಯ ಮಾಸ್ತರರು ಸೋಡಾ ಕುಡಿಯಲು ಬಂದವರು ಗಾಜಿನೊಳಗೆ ಬಹಳ ಹೊತ್ತು ನೋಡಿದರು. ನಾನು ಪರದೆಯ ಹಿಂದಿದ್ದೆ. ಅದು ಬರ್ಫವಲ್ಲವಂತೆ. ಒತ್ತಡದಲ್ಲಿ, ತಂಪಿನಲ್ಲಿ ನೀರು ಗ್ಯಾಸಿನ ಸುತ್ತ ಪಂಜರ ಕಟ್ಟಿ ಅದನ್ನು ಒಳಗೆ ಹಿಡಿದಿಡುತ್ತದಂತೆ. ಪರದೇಶದ ಗ್ಯಾಸಿನ ಕೊಳವೆಗಳಲ್ಲಿ ಹೀಗೇ ಕಟ್ಟಿಕೊಳ್ಳುತ್ತದೆ, ಏನಾದರೂ ಬೆರೆಸಿ ಬಿಡಿಸುತ್ತಾರೆ ಎಂದರು. ಉಪ್ಪಾದರೂ ನಡೆಯುತ್ತದೆ, ಅದು ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಪಂಜರ ನಿಲ್ಲುವುದಿಲ್ಲ. ನಳದಲ್ಲಿ ಕಟ್ಟಿಕೊಂಡರೆ ಮಾತ್ರ ಬಿಚ್ಚಲು ಹೋಗಬೇಡಿರಿ, ಹಿಂದಿನ ಒತ್ತಡಕ್ಕೆ ಗುಂಡಿನ ಹಾಗೆ ಹಾರುತ್ತದೆ ಅಂತಲೂ ಹೇಳಿದರು.

ಇವರಿಗೆ ಉಪ್ಪು ಎಂಬುದಷ್ಟೇ ತಲೆಗೆ ಹೋಯಿತು. ಕುಲ್ಫಿಯವರು ಮಾಡುವ ಹಾಗೆ ತೊಟ್ಟಿಯ ಬರ್ಫದ ಮೇಲೆ ಉಪ್ಪು ಸುರಿದರು. ಅತ್ತೆ ತಡೆದರೆ ನಕ್ಕರು.

"ಬಾಯಿಗೆ ಹೋಗೂದಕ್ಕ ಬ್ಯಾಡ ಅಂದಿ. ತೊಟ್ಟಿಗೆಲ್ಲಿ ಬಾಯಿ ಐತಿ, ಅಮ್ಮಾ?"

ನನಗೆ ಗೊತ್ತಾಗಿತ್ತು. ಉಪ್ಪು ಸೋಡಾ ಮಾಡುತ್ತಿದ್ದ ಇಷ್ಟು ವರ್ಷದಲ್ಲಿ ಒಂದು ದಿನವೂ ಅದು ಕಂಡಿರಲಿಲ್ಲ. ಉಪ್ಪು ಒಳಗಿನ ನೀರಿಗೆ ಬೀಳಬೇಕು. ಹೊರಗೆ ಹಾಕಿದರೆ ತಂಪು ಹೆಚ್ಚಾಗಿ ಅದು ಇನ್ನೂ ಬೆಳೆಯುತ್ತದೆ. ಬಾಯಿ ಬಿಡಲಿಲ್ಲ. ಬೆಳೆಯಲಿ ಅನ್ನಿಸಿತು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು, ಎಷ್ಟೋ ದಿನಗಳ ಮೇಲೆ.

ಮರುದಿನ, ಅಂದರೆ ಮೂವತ್ತೇಳನೆಯ ದಿನ, ಗಾಜು ಪೂರ್ತಿ ಬೆಳ್ಳಗಾಗಿತ್ತು. ಪಂಪು ಬಿಗಿಯಾಗಿ ಆಡುತ್ತಿತ್ತು, ನಳದಿಂದ ಒಂದು ಹನಿಯೂ ಇಳಿಯಲಿಲ್ಲ. ಇವರು ನಳ ಬಿಚ್ಚಲೆಂದು ಪಾನಾ ತಂದು, ನಳದೆದುರು ಕುಕ್ಕರಗಾಲಲ್ಲಿ ಕೂತು, ಅದರ ತಿರುಪಿಗೆ ಹಚ್ಚಿದರು. ಮುಖ ನಳದ ನೇರಕ್ಕಿತ್ತು. ಬಾಗಿಲಲ್ಲಿ ನಿಂತ ನನಗೆ ಸಪ್ಪಳ ಅಲ್ಲಿಗೇ ಕೇಳುತ್ತಿತ್ತು.

ನಾನು ಅಡಿಗೆಮನೆಗೆ ಓಡಿ ಗಡಿಗೆಯ ಬಟ್ಟೆ ಹರಿದೆ. ಅತ್ತೆ ನನ್ನ ಮಣಿಕಟ್ಟು ಹಿಡಿದರು.

"ಇನ್ನ ಮೂರ ದಿನ ಐತಿ, ಶಮಶಾದ."

"ನನಗ ಇನ್ನೊಂದು ಹೆಣ ಬ್ಯಾಡ ಅಮ್ಮಾ."

ಕೈ ಬಿಟ್ಟರು. ಎರಡು ಬೊಗಸೆ ಉಪ್ಪು ಹರವಿಗೆ ಹಾಕಿ, ಕೈಯಿಂದಲೇ ಕಲಸಿ, ಪಂಪಿಗೆ ನಿಂತೆ.

"ಪಾನಾ ಕೆಳಗ ಇಡ್ರಿ. ಹಿಂದ ಸರೀರಿ. ಮ್ಯಾಲಿನ ತಿರುಪು ಬಿಡ್ರಿ. ಉಪ್ಪು ಒಳಗ ಹೋಗಬೇಕ್ರಿ, ಹೊರಗಲ್ಲ."

"ನಿನಗ್ಯಾರು ಹೇಳಿದ್ರು?"

"ನಿನ್ನೇನ ಗೊತ್ತಿತ್ರಿ. ಹೇಳಲಿಲ್ಲ."

"ಯಾಕ?"

ಕಿವಿ ಹಚ್ಚಿ ನೋಡ್ರಿ ಅಂದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ಹಂಡೆಗೆ ಕೆನ್ನೆ ಆನಿಸಿದರು. ಅಲ್ಲೇ ಬಹಳ ಹೊತ್ತು ಉಳಿದರು.

"ಹೌದು," ಅಂದರು. "ಹಿಂಗ ಇತ್ತು."

ಅವರು ಎದ್ದು ಮೇಲಿನ ತಿರುಪು ಬಿಟ್ಟರು. ನಾನು ಪಂಪು ಹೊಡೆದೆ. ಸಪ್ಪಳ ಮೊದಲು ಹೆಚ್ಚಾಯಿತು. ಒಂದು ಕೂಸಲ್ಲ, ಕೋಣೆ ತುಂಬ ಕೂಸುಗಳು ಎದೆ ಕಟ್ಟಿ ಉಸಿರಾಡಿದ ಹಾಗೆ. ನೆಲದ ಮೇಲಿದ್ದ ಲೋಬಾನದ ಕೆಂಡ, ಯಾರೂ ನೀರು ಹಾಕದೆ, ಕಪ್ಪಾಯಿತು. ಇವರು ಬೀದಿಯ ಬಾಗಿಲು ದೂಡಿ ತೆರೆದು, ಗ್ಯಾಸಿಗೆ ಉಸಿರು ಕಟ್ಟುತ್ತದೆ, ಹೊರಗೆ ಬಾ ಅಂದರು. ನಾನು ಹೋಗಲಿಲ್ಲ. ಗಾಜಿನಲ್ಲಿ ಬಿಳುಪು ತೂತುತೂತಾಯಿತು, ತೆಳ್ಳಗಾಯಿತು. ಸಪ್ಪಳ ಒಂದೊಂದಾಗಿ ಬಿಡಿಬಿಡಿಯಾಯಿತು. ಒಂದು. ಸ್ವಲ್ಪ ತಡೆದು ಇನ್ನೊಂದು. ಆಮೇಲೆ ಮತ್ತೊಂದಕ್ಕೆ ಕಾದೆ.

ಈ ಸಲ ಅದು ನಿಲ್ಲುವಾಗ ನಾನು ಎಚ್ಚರವಿದ್ದೆ.