ಇಟ್ಟಿಗೆಯಿಲ್ಲದೆ ಒಂದಾಟ

ಮಗಳು ಅದನ್ನು ಇಟ್ಟಿಗೆ ಎಂದೇ ಕರೆಯುತ್ತಿದ್ದಳು. ನೋಡುವುದಕ್ಕೂ ಹಾಗೇ ಇತ್ತು, ಎತ್ತುವುದಕ್ಕೂ ಹಾಗೇ. ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆ, ಒಂದು ಕೈಯಲ್ಲಿ ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಅದರ ಬಾಲ ಗೋಡೆಯ ಪ್ಲಗ್ಗಿಗೆ ಹೋಗುತ್ತಿತ್ತು. ಇನ್ನೊಂದು ಬದಿಯ ಸೀಳುಗಳಲ್ಲಿ, ಜಪಾನಿನಿಂದ ಬಂದ ಹಳೇ ಕಂಪ್ಯೂಟರಿನ ಪ್ಲಗ್ಗಿನ ಚಪ್ಪಟೆ ಕಡ್ಡಿಗಳು ಕೂರುತ್ತಿದ್ದವು.

"ಇದನ್ನ ಜಪಾನಿನವರ ಮನೆಗೆ ಅಂತ ಮಾಡಿದ್ದು ಅಮ್ಮಾ. ಅವರ ಗೋಡೇಲಿ ಬರೋದು ನೂರು ವೋಲ್ಟು. ನಮ್ಮ ಗೋಡೇಲಿ ಅದರ ಎರಡು ಪಟ್ಟಿಗಿಂತ ಜಾಸ್ತಿ. ಈ ಇಟ್ಟಿಗೆ ಮಧ್ಯ ಕೂತು ಇಳಿಸಿ ಕೊಡುತ್ತೆ. ಇದಿಲ್ಲದೆ ಯಾವತ್ತೂ ಹಾಕಬೇಡ, ಆಯ್ತಾ?"

"ಆಯ್ತು ಕಣೇ, ನಾನೇನು ಚಿಕ್ಕ ಮಗೂನಾ?" ಎಂದಿದ್ದಳು ತಾಯಿ. ಹಾಗಾಗಿ, ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ದಾರಿ ಅವಳಿಗೆ ಅಂದೇ ಮುಚ್ಚಿಹೋಗಿತ್ತು.

ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮೊದಲು ಒಳಗೆ ಗಾಜು ಕೂರಿಸುವ ಮೇಜಿನಲ್ಲಿದ್ದವಳನ್ನು, ಮೇಲಿಂದ ಮೇಲೆ ಗಾಜು ಒಡೆದಳೆಂದು, ಗಿರಾಕಿಗಳಿಗೆ ಫ್ರೇಮು ತೋರಿಸಲು ಹೊರಗೆ ನಿಲ್ಲಿಸಿದ್ದರು. ಮನೆಯಲ್ಲಿ ಯಾರೂ ಆಶ್ಚರ್ಯಪಡಲಿಲ್ಲ. ಅಂಬೆಗಾಲಿಡುವಾಗಲೇ ಅಲಾರಂ ಗಡಿಯಾರದ ಹೊಟ್ಟೆ ಬಗೆದವಳು ಅವಳು. ಅಂದು ತಾಯಿ ನಗುತ್ತಾ "ಅಯ್ಯೋ ನನ್ನ ಮುರುಕಿ" ಎಂದು ಎತ್ತಿಕೊಂಡದ್ದೇ ನೆಪ, ಹೆಸರು ನಿಂತುಬಿಟ್ಟಿತು. ಅಪ್ಪ ಕರೆದ, ಸೋದರತ್ತೆ ಕರೆದಳು, ಚಿಕ್ಕಪ್ಪನ ಮಕ್ಕಳು ಕರೆದರು. ಕೊನೆಗೆ ಅವಳೂ ಓಗೊಟ್ಟಳು.

ಅಂಥವಳಿಗೆ ಹಳೇ ಯಂತ್ರ ರಿಪೇರಿಯ ಈ ಹುಚ್ಚು ಹಿಡಿದಾಗ ತಾಯಿ ಒಳಗೊಳಗೇ ಹೆದರಿದ್ದಳು. ಹಡಗಿನಲ್ಲಿ ಪೆಟ್ಟಿಗೆಗಳು ಬರುತ್ತಿದ್ದವು. 'ಕೆಟ್ಟಿದೆ, ಹೇಗಿದೆಯೋ ಹಾಗೆ' ಎಂದು ಮಾರಿದ ಕಂಪ್ಯೂಟರುಗಳು, ತಾಯಿ ಹುಟ್ಟುವ ಕಾಲಕ್ಕೆ ಯಾರೋ ಮಕ್ಕಳು ಆಟವಾಡಿದಂಥವು. ಅವುಗಳಿಗೆ ಸುತ್ತಿ ಬಂದ ಜಪಾನಿ ಪತ್ರಿಕೆಗಳನ್ನು ತಾಯಿ ನೀವಿ, ಅಡುಗೆಮನೆಯ ಕಪಾಟಿಗೆ ಹಾಸುತ್ತಿದ್ದಳು. "ನಮ್ಮ ಬೇಳೆ ಡಬ್ಬಿಗಳು ಜಪಾನಿ ಕಲಿತವು," ಎಂದು ಗಂಡ ನಗುತ್ತಿದ್ದ. ಅವನು ಬಸ್ಸಿನ ಚಾಲಕ. ದಿನವಿಡೀ ಮುಂದೆ ನೋಡಿ ಸಾಕಾಗಿ, ಮನೆಗೆ ಬಂದರೆ ಬರೀ ತಮಾಷೆ.

ಈ ಸಲ ಬಂದದ್ದು ಕೆಂಪು ಬಣ್ಣದ್ದು. ಕೀಲಿಮಣೆಯ ಒಳಗೇ ಇಡೀ ಕಂಪ್ಯೂಟರು ಅಡಗಿತ್ತು. ಪ್ರತಿ ಕೀಲಿಯ ಮೇಲೂ ಎರಡೆರಡು ಭಾಷೆ. ಬಂದಾಗ ಹೆಣದಂತೆ ಬಿದ್ದುಕೊಂಡಿತ್ತು. ಮಗಳು ಕೆಪಾಸಿಟರು ಎನ್ನುವ ಒಳಗಿನ ಸಣ್ಣ ಡಬ್ಬಿಗಳು ವಯಸ್ಸಾಗಿ ಸೋರಿದ್ದವು. ಮಗಳು ಕೆಲಸ ಮುಗಿಸಿ ಬಂದು ದಿನಾ ಸಂಜೆ ಬೆಸುಗೆ ಕಡ್ಡಿ ಹಿಡಿದು ಕೂತಳು. ಒಂದೊಂದೇ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿದಳು. ಟಿವಿಗೆ ಹಳದಿ ವೈರು ಸಿಕ್ಕಿಸಿ, ಉಸಿರು ಹಿಡಿದು ಗುಂಡಿ ಒತ್ತಿದಾಗ ಪರದೆ ನೀಲಿಯಾಯಿತು. ಮಗಳು ಕೂಗಲಿಲ್ಲ, ಕುಣಿಯಲಿಲ್ಲ. ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಬೇರೆ ಯಾರದೋ ಕೈ ನೋಡುವ ಹಾಗೆ. ಅದನ್ನು ತಾಯಿ ಬಾಗಿಲಲ್ಲಿ ನಿಂತು ನೋಡಿದ್ದಳು.

ಊರಿನಲ್ಲಿ ಹಳೇ ಆಟದ ಯಂತ್ರಗಳನ್ನು ತರಿಸಿ ಮಾರುವ ಅಂಗಡಿಯೊಂದಿತ್ತು. ಅದರ ಮಾಲೀಕನಿಗೆ ಎಲ್ಲರೂ ಕ್ಯಾಸೆಟ್ ಮಾಮ ಎನ್ನುತ್ತಿದ್ದರು. ಅವನು ಮಗಳಿಗೆ ಹೇಳಿದ್ದ: "ಭಾನುವಾರ ಆ ಕೆಂಪು ಕಂಪ್ಯೂಟರನ್ನ ತಗೊಂಡು ಬಾ. ಕೆಲಸ ಚೊಕ್ಕವಾಗಿದ್ರೆ ನನ್ನ ಹಿಂದಿನ ಕೋಣೇಲಿರೋ ಸತ್ತವನ್ನೆಲ್ಲ ನೀನೇ ಎಬ್ಬಿಸು. ಮೇಜು ನಿನ್ನದೇ."

ಇನ್ನು ಆಟದ ಮಾತು. ಮರಿಬಾತುಗಳನ್ನು ಏಣಿ ಹತ್ತಿಸಿ ಗೂಡು ಸೇರಿಸುವ ಆಟ. ಎಲ್ಲವೂ ಸಾಲಾಗಿ ಬಂದರೂ ಒಂದು ಮರಿ ಮಾತ್ರ ಹಟ ಹಿಡಿದು ಬೇರೆ ದಾರಿ ಹಿಡಿಯುತ್ತಿತ್ತು. "ಥೇಟ್ ನಿಮ್ಮಪ್ಪ," ಎಂದು ತಾಯಿ ನಕ್ಕಿದ್ದಳು. ಮಗಳು ಅವಳ ಬೆರಳುಗಳನ್ನು ಬಾಣದ ಕೀಲಿಗಳ ಮೇಲಿಟ್ಟು ಕಲಿಸಿದ್ದಳು. ಆಮೇಲೆ ಮನೆಯಲ್ಲಿ ಯಾರಿಲ್ಲದ ಹೊತ್ತು, ಬಟ್ಟೆ ಒಗೆಯುವ ಮಶೀನು ತನ್ನ ಪಾಡಿಗೆ ತಿರುಗುವಾಗ, ತಾಯಿ ಗುಟ್ಟಾಗಿ ಒಂದಾಟ ಆಡತೊಡಗಿದಳು. ಜೀವಮಾನದಲ್ಲಿ ಯಾರಿಗೂ ಉಪಯೋಗವಿಲ್ಲದ ಕೆಲಸವನ್ನು ಅವಳು ಮಾಡಿದ್ದು ಅದೊಂದೇ. ಅದಕ್ಕೇ ಅಷ್ಟು ರುಚಿ.

ಶುಕ್ರವಾರ ಕೋಣೆ ಒರೆಸುವಾಗ ಎಲ್ಲ ಪ್ಲಗ್ಗು ಕಿತ್ತು, ಇಟ್ಟಿಗೆಯನ್ನು ಕಾಲಿನಿಂದ ಮಂಚದಡಿಗೆ ತಳ್ಳಿದಳು. ನೆಲ ಆರಿತು. ಮಶೀನು ಬಟ್ಟೆ ಹಿಂಡುವುದಕ್ಕೆ ಇನ್ನೂ ಸಮಯವಿತ್ತು. ಮಂಚದಡಿಗೆ ಬಗ್ಗಿದರೆ ಸೊಂಟ ಬೇಡವೆಂದಿತು. ಗಂಡನ ಶೇವಿಂಗ್ ಮಶೀನಿನ ಜೊತೆ ಬಂದಿದ್ದ, ಕಡ್ಡಿಯ ಆಕಾರವನ್ನಷ್ಟೇ ಬದಲಿಸುವ ಬಿಳಿಯ ಅಡಾಪ್ಟರು ಮೇಜಿನ ಡ್ರಾಯರಿನಲ್ಲಿತ್ತು. ಕಂಪ್ಯೂಟರಿನ ಚಪ್ಪಟೆ ಕಡ್ಡಿಗಳು ಅದರಲ್ಲಿ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತವು. ಇಷ್ಟು ಸಲೀಸಾಗಿ ಕೂರುವುದು ತಪ್ಪಾಗಿರಲಾರದು ಎಂದು ಕೈ ಹೇಳಿತು. ಬೇಡ ಎಂದು ಮಗಳ ದನಿ ಹೇಳಿತು. ಒಂದೇ ಒಂದಾಟ, ಎಂದುಕೊಂಡಳು.

ಟಪ್ ಎಂದಿತು, ಅಷ್ಟೇ. ನೀಲಿ ಪರದೆಯೂ ಬರಲಿಲ್ಲ, ಬಾತುಗಳ ಹಾಡೂ ಬರಲಿಲ್ಲ. ಕೀಲಿಗಳ ಸಂದಿಯಿಂದ ಒಂದೆಳೆ ಹೊಗೆ ಎದ್ದಿತು, ಕೊಳೆತ ಮೀನಿನಂಥ ನಾತ ಹರಡಿತು.

ಅವಳು ಪ್ಲಗ್ಗು ಕಿತ್ತು ಕಿಟಕಿಗಳನ್ನೆಲ್ಲ ತೆರೆದಳು. ಆಗ ಬಗ್ಗಲೊಲ್ಲದ ಸೊಂಟ ಈಗ ಬಗ್ಗಿತು. ಇಟ್ಟಿಗೆಯನ್ನು ಎಳೆದು, ಎಲ್ಲ ಮೊದಲಿನಂತೆ ಜೋಡಿಸಿ, ಮೇಲೆ ಹೊದಿಕೆ ಹೊದಿಸಿದಳು. ನಾತ ಮಾತ್ರ ಹೋಗಲಿಲ್ಲ. ಕೊನೆಗೆ ಇಸ್ತ್ರಿ ಪೆಟ್ಟಿಗೆ ಕಾಯಿಸಿ, ಹಳೇ ದಿಂಬಿನ ಚೀಲವೊಂದರ ಮೇಲೆ ಕಂದು ಕಲೆ ಮೂಡುವ ತನಕ ಒತ್ತಿ ಹಿಡಿದಳು. ಕೇಳಿದವರಿಗೆ ತೋರಿಸಲು ಒಂದು ಸುಟ್ಟ ವಸ್ತು ಬೇಕಿತ್ತು.

"ಏನೋ ಸುಟ್ಟ ವಾಸನೆ," ಎಂದಳು ಸಂಜೆ ಬಂದ ಮಗಳು.

"ಇಸ್ತ್ರಿ ಪೆಟ್ಟಿಗೆ ಮರೆತುಬಿಟ್ಟೆ."

"ಕೈ ಸುಟ್ಕೊಂಡಿಲ್ಲ ತಾನೇ?" ಎಂದು ಅವಳ ಅಂಗೈ ಹಿಡಿದು ನೋಡಿದಳು ಮಗಳು. ತಾಯಿಗೆ ಕೈಯನ್ನು ಹಿಂದಕ್ಕೆಳೆದುಕೊಳ್ಳಬೇಕೆನಿಸಿತು.

ಮಗಳು ಗುಂಡಿ ಒತ್ತಿದರೆ ಪರದೆ ಕಪ್ಪಾಗೇ ಉಳಿಯಿತು. ರಾತ್ರಿ ಊಟದ ಮೊದಲು ಊಟದ ಮೇಜಿನ ಮೇಲೆಯೇ ಕೆಂಪು ಕಂಪ್ಯೂಟರಿನ ಹೊಟ್ಟೆ ಬಿಚ್ಚಿಕೊಂಡಿತು. ಮಗಳು ಟಾರ್ಚು ಹಿಡಿದು ಬಗ್ಗಿದಳು.

"ನಾನು ಹಾಕಿದ್ದೇ ಒಡೆದಿವೆ," ಎಂದಳು. "ಹಳೇವು ಒಂದೂ ಅಲ್ಲ. ನಾನು ಕೂರಿಸಿದ್ದೇ."

"ನಮ್ಮ ಮುರುಕಿ ಕೈಗೆ ಸಿಕ್ಕರೆ ಬಂಡೇನೂ ಎರಡಾಗುತ್ತೆ," ಎಂದ ಗಂಡ, ತಟ್ಟೆ ಇಡಲು ಜಾಗ ಹುಡುಕುತ್ತಾ. ಎಂದಿನ ಮಾತೇ. ಮಗಳೂ ಎಂದಿನಂತೆ ನಕ್ಕಳು.

ಊಟವಾದ ಮೇಲೆ ಮಗಳ ಕೋಣೆಗೆ ಹೋದರೆ ಅವಳು ಬೆಸುಗೆ ಕಡ್ಡಿಯನ್ನು ಅದರ ಡಬ್ಬಿಗೆ ಹಾಕುತ್ತಿದ್ದಳು. ಕಣ್ಣು ಕೆಂಪಾಗಿತ್ತು. ತಾಯಿ ಪಕ್ಕದಲ್ಲಿ ಕೂತು ಬೆನ್ನು ಸವರಿದಳು.

"ಬೆಳಿಗ್ಗೆ ಮಾಮನಿಗೆ ಫೋನ್ ಮಾಡಿ ಬರಲ್ಲ ಅಂತೀನಿ. ಬೇರೆಯವರ ಸಾಮಾನು ಹಾಳು ಮಾಡೋಕೆ ನಂಗೇನು ಹಕ್ಕಿದೆ?"

"ಒಂದು ಸಲ ಕೆಟ್ಟಿದ್ದಕ್ಕೆ…"

"ಒಂದು ಸಲ ಅಲ್ಲಮ್ಮ. ನಾನು ಚಿಕ್ಕವಳಿದ್ದಾಗಲೇ ನೀನು ಕಂಡುಹಿಡಿದಿದ್ದೆ. ನನ್ನ ಕೈ ಅಂಥದ್ದು ಅಂತ." ಅದರಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಅಮ್ಮ ಹೇಳಿದ್ದು ನಿಜವಾಯಿತೆಂದು ಒಪ್ಪಿಕೊಳ್ಳುವ ಮಗುವಿನ ದನಿ ಅದು.

ತಾಯಿ ಬಾಯಿ ತೆರೆದಳು. "ಆ ಇಟ್ಟಿಗೆ…"

"ಇಟ್ಟಿಗೆ ಸರಿ ಇದೆ, ನೋಡಿದೆ. ನೀನು ಯಾಕೆ ತಲೆ ಕೆಡಿಸ್ಕೊಳ್ತೀಯ? ಹೋಗಿ ಮಲಕ್ಕೋ, ಸೊಂಟ ನೋವು ಅಂತಿದ್ದೆ."

ತಾಯಿ ಎದ್ದು ಹೋದಳು. ಹೋಗು ಎಂದಿದ್ದೇ ತಡ ಎದ್ದು ಹೋದಳಲ್ಲ, ಅದಕ್ಕಾಗಿ ಆಮೇಲೆ ಅವಳಿಗೆ ತನ್ನನ್ನು ತಾನು ಕ್ಷಮಿಸಿಕೊಳ್ಳಲಾಗಲಿಲ್ಲ. ಸುಟ್ಟದ್ದು ಕೈ ಮಾಡಿದ ತಪ್ಪು. ಬೆನ್ನು ಸವರುತ್ತಾ ಸುಮ್ಮನಿದ್ದದ್ದಕ್ಕೆ ಏನೆನ್ನಬೇಕು? ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಾ ಲೆಕ್ಕ ಹಾಕಿದಳು: ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಮಗಳು ಕೌಂಟರಿನಲ್ಲೇ ನಿಲ್ಲುತ್ತಾಳೆ, ಸಂಬಳ ಬರುತ್ತದೆ, ಮನೆ ನಡೆಯುತ್ತದೆ. ಅವಳು ತನ್ನ ಕೈಗಳನ್ನು ಮಾತ್ರ ಇನ್ನೊಮ್ಮೆ ಹಾಗೆ ತಿರುಗಿಸಿ ನೋಡಿಕೊಳ್ಳುವುದಿಲ್ಲ.

ಬೆಳಿಗ್ಗೆ ಗಂಡ ಕೆಲಸಕ್ಕೆ ಹೋಗಿದ್ದ. ಮಗಳು ಊಟದ ಮೇಜಿನ ಬಳಿ ಕೂತು ಫೋನಿನಲ್ಲಿ ಅಂಗಡಿಯ ನಂಬರು ಹುಡುಕುತ್ತಿದ್ದಳು. ತಾಯಿ ಬಂದು ಅವಳ ಮುಂದೆ ಸುಟ್ಟ ದಿಂಬಿನ ಚೀಲವನ್ನಿಟ್ಟಳು. ಅದರ ಮೇಲೆ ಬಿಳಿಯ ಅಡಾಪ್ಟರು.

"ಇದೇನಮ್ಮ?"

"ಇದು ನಾನು ಬೇಕಂತಲೇ ಸುಟ್ಟಿದ್ದು. ವಾಸನೆಗೆ ನೆಪ ಬೇಕಿತ್ತು." ತಾಯಿಯ ಕಣ್ಣು ಅಡಾಪ್ಟರಿನ ಮೇಲೇ ಇತ್ತು. "ನೆಲ ಒರೆಸಿ, ಇಟ್ಟಿಗೆ ಎಳೆಯೋಕೆ ಸೋಮಾರಿತನ ಆಯ್ತು. ಒಂದಾಟಕ್ಕೆ ಅಂತ ಇದರಲ್ಲಿ ಸಿಕ್ಕಿಸಿ ನೇರ ಗೋಡೆಗೆ ಹಾಕಿದೆ. ನೀನು ಹೇಳಿದ್ದೆ. ನೆನಪೂ ಇತ್ತು."

ಮಗಳು ಅಡಾಪ್ಟರನ್ನು ಎತ್ತಿಕೊಂಡು ಅದರ ಸೀಳುಗಳನ್ನು ನೋಡಿದಳು. "ಗುಂಡಿ ಒತ್ತಿದ ತಕ್ಷಣ ಹೋಯ್ತಾ?"

"ತಕ್ಷಣ. ಟಪ್ ಅಂತು."

"ಅದಕ್ಕೆ ಮೊದಲು? ಗುರುವಾರ ಆಡಿದ್ಯಾ?"

"ದಿನಾ ಆಡಿದ್ದೀನಿ. ನೀನು ರಿಪೇರಿ ಮಾಡಿದಾಗಿಂದ. ಒಂದು ಸಲಾನೂ ತೊಂದರೆ ಕೊಡಲಿಲ್ಲ."

ಮಗಳ ಮುಖದಲ್ಲಿ ಏನೋ ಸಡಿಲವಾಯಿತು. "ಹಾಗಾದ್ರೆ ನನ್ನ ಬೆಸುಗೆ ಸರಿಯಾಗೇ ಇತ್ತು," ಎಂದಳು ಮೆಲ್ಲಗೆ. ಆಮೇಲೆ ತಲೆ ಎತ್ತಿದಳು. "ನಿನ್ನೆ ನಾನು ಅಳ್ತಿದ್ದಾಗ ನೀನು ಪಕ್ಕದಲ್ಲೇ ಕೂತಿದ್ದೆ."

"ಕೂತಿದ್ದೆ."

"ಬೆನ್ನು ಸವರಿದೆ."

ಮಗಳು ಫೋನೆತ್ತಿಕೊಂಡು ಕಿಟಕಿಯ ಹತ್ತಿರ ಹೋದಳು, ಬೆನ್ನು ತಿರುಗಿಸಿ.

"ಮಾಮ, ನಾಳೆ ಬರ್ತೀನಿ. ಆದರೆ ಕೆಂಪು ಕಂಪ್ಯೂಟರು ಸುಟ್ಟಿದೆ. ಇಲ್ಲ, ನನ್ನ ಕೆಲಸದಿಂದಲ್ಲ. ನೇರ ಗೋಡೆಗೆ ಹಾಕಿದ್ರು… ಮನೇಲಿ ಯಾರೋ." ಆ ಕಡೆಯಿಂದ ಗಂಡಸಿನ ದೊಡ್ಡ ನಗು ತಾಯಿಗೂ ಕೇಳಿಸಿತು. ಮಗಳು ನಗಲಿಲ್ಲ. "ಹೂಂ, ಬಿಚ್ಚಿಯೇ ತರ್ತೀನಿ. ಬೆಸುಗೆ ನೀವೇ ನೋಡಿ."

ಯಾರೋ. ಹೆಸರು ಹೇಳದೆ ಮಾನ ಉಳಿಸಿದ್ದಳು ಮಗಳು. ಆ ಪದ ತಾಯಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮಧ್ಯಾಹ್ನ ಮಗಳು ಒಡೆದ ಡಬ್ಬಿಗಳನ್ನು ಕೀಳುತ್ತಾ ಕೂತಾಗ ತಾಯಿ ಕೇಳದೆಯೇ ಟಾರ್ಚು ಹಿಡಿದು ನಿಂತಳು. "ಇನ್ನೂ ಕೆಳಗೆ," ಎಂದಳು ಮಗಳು. ಸ್ವಲ್ಪ ಹೊತ್ತಿನ ಮೇಲೆ "ಎಡಕ್ಕೆ." ಅಷ್ಟೇ ಮಾತು. ಮಗಳು ಇಟ್ಟಿಗೆಯ ಸೀಳಿಗೆ ಕಂಪ್ಯೂಟರಿನ ಪ್ಲಗ್ಗನ್ನು ಸೇರಿಸಿ ಕಪ್ಪು ಟೇಪು ಸುತ್ತಿಟ್ಟಿರುವುದು ತಾಯಿಯ ಕಣ್ಣಿಗೆ ಬಿತ್ತು. ಬೆಕ್ಕಿಗೆ ಹೆದರಿ ಹಾಲಿನ ಪಾತ್ರೆಗೆ ಬಟ್ಟೆ ಕಟ್ಟಿದ ಹಾಗೆ, ಸುತ್ತಿನ ಮೇಲೆ ಸುತ್ತು. ಅವಳು ಟಾರ್ಚನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. ಸೊಂಟ ನೋಯುತ್ತಿತ್ತು. ಕೂರಲಿಲ್ಲ.

ಸಂಜೆ ಹೊರಬಾಗಿಲು ತೆರೆದ ಸದ್ದಾಯಿತು. ಗಂಡ ಚಪ್ಪಲಿ ಬಿಡುತ್ತಾ ಎಂದಿನಂತೆ ಕೂಗಿದ. "ಎಲ್ಲಿ ನಮ್ಮ ಮುರುಕಿ?"

ಮಗಳ ಕೈ ಬೋರ್ಡಿನ ಮೇಲೆ ನಿಂತಿತು.

"ಇಲ್ಲಿದ್ದೀನಿ," ಎಂದಳು ತಾಯಿ.

ಗಂಡ ಬಾಗಿಲಲ್ಲಿ ನಿಂತು ಇಬ್ಬರನ್ನೂ ಮಿಕಿಮಿಕಿ ನೋಡಿದ. ಮಗಳು ತಲೆ ಎತ್ತಲಿಲ್ಲ. ಬೆಸುಗೆ ಕಡ್ಡಿಯ ತುದಿಯನ್ನು ಒದ್ದೆ ಸ್ಪಂಜಿಗೆ ಒರೆಸಿದಳು, ಚುಂಯ್ ಎಂದಿತು.

"ಟಾರ್ಚು ಅಲ್ಲಾಡಿಸಬೇಡಮ್ಮ," ಎಂದಳು.