ಗೆರೆಯಾದ ನಕ್ಷತ್ರಗಳು

ಐವತ್ತೆರಡನೆಯ ವಯಸ್ಸಿನಲ್ಲಿ ನಕ್ಷತ್ರಗಳ ಫೋಟೊ ತೆಗೆಯುವ ಹುಚ್ಚು ಹತ್ತಿದ ಹೆಂಗಸಿಗೆ ಕ್ಯಾಮೆರಾ ಅಂಗಡಿಯವರು ಟೋಪಿ ಹಾಕದೆ ಬಿಡುತ್ತಾರೆಯೇ? ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಆದರೆ ನಾನು ಬೆರಳು ತೋರಿಸಿದ ಮೊಳದುದ್ದದ ಲೆನ್ಸನ್ನು ಅಂಗಡಿಯಾಕೆ ಕಪಾಟಿನಿಂದ ಇಳಿಸಲೇ ಇಲ್ಲ.

"ಅದು ಬೇಡಕ್ಕ. ಶುರುವಿಗೆ ಅಗಲಕ್ಕೆ ಕಾಣೋದು, ಬೆಳಕು ಜಾಸ್ತಿ ಒಳಗೆ ಬಿಡೋದು ತಗೊಳ್ಳಿ. ಕ್ಯಾಮೆರಾ ಹಳೇದಾದ್ರೂ ನಡೆಯುತ್ತೆ, ಫೋಕಸ್ಸು, ಶಟರ್ರು ನಾವೇ ಹೊಂದಿಸೋ ಹಾಗಿದ್ರಾಯ್ತು. ಉಳಿದ ದುಡ್ಡು ಸ್ಟ್ಯಾಂಡಿಗೆ ಹಾಕಿ."

"ಅಲ್ಲಾಡದೇ ಇರೋದು ಕೊಡಿ," ಎಂದೆ. ದನಿ ಜೋರಾಯಿತೇನೋ, ಆಕೆ ತಲೆಯೆತ್ತಿ ನೋಡಿದಳು.

ನಮ್ಮಪ್ಪನದು ಫೋಟೊ ಸ್ಟುಡಿಯೊ. ಮೂಗಿನ ತುದಿಯಲ್ಲೇ ಕೋಪ, ಆದರೂ ಅಳುವ ಕೂಸನ್ನು ನಗಿಸುವ ಕಲೆ ಗೊತ್ತಿತ್ತು. ಸಂಜೆ ಬಾಗಿಲು ಹಾಕಿದ ಮೇಲೆ ನನ್ನನ್ನು ಡಾರ್ಕ್ ರೂಮಿನೊಳಗೆ ಸ್ಟೂಲಿನ ಮೇಲೆ ನಿಲ್ಲಿಸಿ, ಫೋಟೊ ತೊಳೆಯುವ ತಟ್ಟೆಯಲ್ಲಿ ಮುಖಗಳು ಮೆಲ್ಲಗೆ ಮೂಡುವುದನ್ನು ತೋರಿಸುತ್ತಿದ್ದ. ಆ ಹುಳಿ ವಾಸನೆ, ಆ ಕೆಂಪು ದೀಪ. ಜನ್ಮದಲ್ಲಿ ಅಷ್ಟು ಸುಖವಾಗಿ ನಾನು ಮತ್ತೆಲ್ಲೂ ನಿಂತಿಲ್ಲ.

ನನಗೆ ಒಂಬತ್ತಾಗಿದ್ದಾಗ ಅಪ್ಪ ಮಾಳಿಗೆಯ ಮೇಲೆ ಕ್ಯಾಮೆರಾ ನಿಲ್ಲಿಸಿ ನಕ್ಷತ್ರ ಹಿಡಿಯಲು ಹೊರಟ. ಬೆಳಕು ಕಡಿಮೆಯಿದ್ದರೆ ಶಟರ್ ಹೆಚ್ಚು ಹೊತ್ತು ತೆರೆದು ಬಿಡಬೇಕು ಎಂಬ ಸ್ಟುಡಿಯೊ ಲೆಕ್ಕದಲ್ಲಿ ಅರ್ಧ ಗಂಟೆ ಬಿಟ್ಟ. ನಾನು ಉಸಿರು ಬಿಗಿಹಿಡಿದು ಪಕ್ಕದಲ್ಲೇ ಕೂತಿದ್ದೆ. ಪ್ರಿಂಟಿನಲ್ಲಿ ಬಂದದ್ದು ಚುಕ್ಕಿಗಳಲ್ಲ, ಗೆರೆಗಳು. "ಸ್ಟ್ಯಾಂಡ್ ಒದ್ದಿದ್ದು ನೀನೇ!" ಎಂದು ಕಿವಿ ಹಿಂಡಿದ. ಒದ್ದಿಲ್ಲವೆಂದು ಎಷ್ಟು ಅತ್ತರೂ ನಂಬಲಿಲ್ಲ. ಆಮೇಲೆ ಡಾರ್ಕ್ ರೂಮಿಗೆ ನನ್ನನ್ನು ಕರೆಯಲೂ ಇಲ್ಲ, ನಾನು ಕ್ಯಾಮೆರಾ ಮುಟ್ಟಲೂ ಇಲ್ಲ.

ಇದನ್ನೆಲ್ಲ ಅಂಗಡಿಯಾಕೆಯ ಮುಂದೆ ಹೇಳಿಬಿಟ್ಟೆ.

"ಗೆರೆ ಅಂಕುಡೊಂಕಾಗಿತ್ತಾ?"

"ಇಲ್ಲ, ಎಲ್ಲಾ ಒಂದೇ ಕಡೆ ಬಾಗಿತ್ತು. ಬಳೆ ಚೂರಿನ ಹಾಗೆ."

ಆಕೆ ನಕ್ಕಳು. "ಅಯ್ಯೋ ಅಕ್ಕ, ಅದು ಭೂಮಿ ತಿರುಗಿದ್ದು! ಈ ಲೆನ್ಸಲ್ಲೂ ಇಪ್ಪತ್ತು ಸೆಕೆಂಡ್ ದಾಟಿದ್ರೆ ಗೆರೆ ಶುರು. ಸ್ಟ್ಯಾಂಡ್ ಒದ್ದಿದ್ರೆ ಅಷ್ಟು ನೀಟಾಗಿ ಬರ್ತಾನೇ ಇರ್ಲಿಲ್ಲ."

ಚೌಕಾಸಿ ಕೂಡ ಮಾಡದೆ ಆಕೆ ಕೊಟ್ಟದ್ದನ್ನೆಲ್ಲ ಕಟ್ಟಿಸಿಕೊಂಡು ಮನೆಗೆ ಓಡಿದೆ.

ಅಪ್ಪ ಈಗ ನನ್ನ ಜೊತೆಯಲ್ಲೇ ಇದ್ದಾನೆ. ಕಿಟಕಿಯ ಪಕ್ಕ ಪೇಪರ್ ಓದುತ್ತಿದ್ದ. ಚಪ್ಪಲಿಯನ್ನೂ ಬಿಡದೆ ಎಲ್ಲವನ್ನೂ ಒದರಿದೆ. ಅವನು ಪೇಪರ್ ಮಡಿಸಿದ.

"ಗೊತ್ತು ಕಣೆ."

"ಏನ್ ಗೊತ್ತು?"

"ಭೂಮಿ ತಿರುಗಿದ್ದು ಅಂತ. ಮಾರನೇ ವರ್ಷ ಒಬ್ರು ಮೇಷ್ಟ್ರು ಫೋಟೊಗೆ ಬಂದಾಗ ಆ ಪ್ರಿಂಟ್ ನೋಡಿ ಹೇಳಿದ್ರು."

ಮೈಯೆಲ್ಲ ಉರಿದುಹೋಯಿತು. "ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಮುಂದಕ್ಕೆ ಹಾಕ್ದೆ. ಆಮೇಲೆ ನಾಚಿಕೆ ಆಯ್ತು. ನೀನು ಮರ್ತಿರ್ತೀಯ ಅಂದ್ಕೊಂಡೆ."

"ಮರ್ತಿಲ್ಲ. ಈಗ ಹೇಳು."

ಅಪ್ಪ ನೆಲ ನೋಡಿದ. "ನೀನು ಒದ್ದಿರ್ಲಿಲ್ಲ."

"ನನ್ ಮುಖ ನೋಡಿ ಹೇಳು."

"ನೀನು ಒದ್ದಿರ್ಲಿಲ್ಲ ಮಗಳೇ," ಎನ್ನುತ್ತಾ ಅಪ್ಪ ನನಗಿಂತ ಮೊದಲೇ ಅತ್ತುಬಿಟ್ಟ.